ಘಾಟು ಬಾರದ ಮೆಣಸಿನಕಾಯಿ

ಮೊನ್ನೆ ಅಮಾವಾಸ್ಯೆ ದಿನ ಮೈದಾ ಮೂಟೆ ತರಲು ಬಂಗಾರಪೇಟೆಗೆ ಹೋಗಿದ್ದೆ. ಬಜಾರಿನಲ್ಲಿ ಒಬ್ಬ ಅಂಗಡಿಯವನು ಬಾಗಿಲಿಗೆ ನಿವಾಳಿಸಿದ ಉಪ್ಪು, ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದ. ಅರೆಗಳಿಗೆಯಲ್ಲಿ ಬೀದಿಯೆಲ್ಲ ಘಾಟು. ರೈಲಿಗೆ ಓಡುತ್ತಿದ್ದವರು ಸೆರಗು, ಕರ್ಚೀಫು ಮೂಗಿಗೆ ಒತ್ತಿಕೊಂಡರು. ಆಟೋದವನು ಕೆಮ್ಮುತ್ತಲೇ ಬೈದ. ನಾನೊಬ್ಬ ಮೂಟೆ ಪಕ್ಕ ನಿಂತು, ಸಂಪಿಗೆ ಹೂವು ಮೂಸುವವನ ಹಾಗೆ, ಆ ಘಾಟನ್ನು ಎದೆ ತುಂಬ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂತು, ಗಂಟಲು ಉರಿಯಿತು, ಮನಸ್ಸಿಗೆ ಮಾತ್ರ ಹಿತವಾಯಿತು.

ನಮ್ಮ ಕಡೆ ಒಂದು ನಂಬಿಕೆ ಇದೆ. ದೃಷ್ಟಿ ತೆಗೆದ ಮೆಣಸಿನಕಾಯಿ ಬೆಂಕಿಗೆ ಬಿದ್ದಾಗ ಘಾಟು ಬಂದರೆ ಯಾರ ಕಣ್ಣೂ ಬಿದ್ದಿರಲಿಲ್ಲ ಅಂತ. ಬಾರದಿದ್ದರೆ ಕಣ್ಣು ಬಿದ್ದಿತ್ತು, ಮೆಣಸಿನಕಾಯಿ ಅದನ್ನು ನುಂಗಿಕೊಂಡಿತು ಅಂತ. ನನ್ನ ತಂಗಿ ಪವಿತ್ರ ಜರ್ಮನಿಗೆ ಹೋದ ವರ್ಷ, ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ, ಅಲ್ಲಿ ಬೆಂಕಿಗೆ ಬಿದ್ದ ಮೆಣಸಿನಕಾಯಿಗೆ ಘಾಟು ಬರಲಿಲ್ಲ. ಬಂಗಾರಪೇಟೆ ಬೀದಿಯಲ್ಲಿ ನಿಂತವನಿಗೆ ಆ ವರ್ಷವೆಲ್ಲ ಮೂಗಿನ ದಾರಿಯಲ್ಲೇ ವಾಪಸ್ ಬಂತು.

ನಾನು ಬೇಕರಿ ಕೆಲಸದವನು. ರಾಬರ್ಟ್‌ಸನ್‌ಪೇಟೆಯ ಹಳೇ ಬೇಕರಿಯೊಂದರಲ್ಲಿ, ಸೌದೆ ಉರಿಸುವ ಇಟ್ಟಿಗೆ ಒಲೆಯ ಮುಂದೆ, ಮೀಸೆ ಮೂಡುವ ಮೊದಲಿನಿಂದ ನಿಂತಿದ್ದೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಚಿನ್ನದ ಗಣಿಯ ಧೂಳು ಎದೆಯಲ್ಲಿ ಕೂತು ಅಪ್ಪ ಮಂಚ ಹಿಡಿದಾಗ ದುಡಿಯಲು ಮನೆಯಲ್ಲಿ ಉಳಿದ ಕೈ ನನ್ನದೇ ಆಗಿತ್ತು. ಹಿಟ್ಟು ನಾದುವುದನ್ನು ಕಲಿಸಿದವರು ಆರೋಗ್ಯಂ ಮೇಸ್ತ್ರಿ, ಚಾಂಪಿಯನ್ ರೀಫ್ಸ್ ಕಡೆಯವರು. ಈಗ ಅವರಿಗೆ ಕಣ್ಣು ಮಂಜಾಗಿದೆ. ಆದರೂ ದಿನಾ ಬಂದು ಒಲೆ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಕೆಲಸಕ್ಕೆ ಹೆಸರಿಡುತ್ತಾರೆ. ಅವರು ಹೆಸರಿಟ್ಟರೆ ಇಡಲಿ, ಈ ಊರಲ್ಲಿ ನನ್ನ ಬನ್ನು ತಿನ್ನದೆ ಬೆಳೆದ ಮಗು ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಬೆಳಗಿನ ಹೊತ್ತು ನಮ್ಮ ಬೇಕರಿ ಮುಂದೆ ಬಂದು ನಿಂತು ನೋಡಿ.

ಪವಿ ನನಗಿಂತ ತುಂಬ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳನ್ನು ಬೇಕರಿಗೇ ಕರೆದುಕೊಂಡು ಬಂದು, ಖಾಲಿ ಮೈದಾ ಚೀಲ ಹಾಸಿದ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಒಲೆಯ ಬಿಸಿ ತಾಕುವಷ್ಟು ದೂರದಲ್ಲಿ ಇಡುತ್ತಿದ್ದೆ. ಜೋಗುಳ ನನಗೆ ಬರುತ್ತಿರಲಿಲ್ಲ. ಬಂದಿದ್ದು ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವವರ ಕೂಗು ಒಂದೇ. ಅದನ್ನೇ ಎಳೆದು, ಮೆತ್ತಗೆ ಮಾಡಿ, ಹಾಡುತ್ತಿದ್ದೆ. "ಬನ್ನೂ... ಬ್ರೆಡ್ಡೂ... ರಸ್ಕೂ ರಸ್ಕೂ..." ಎರಡನೇ ರಸ್ಕಿಗೆ ಅವಳು ನಿದ್ದೆ ಹೋಗುತ್ತಿದ್ದಳು. ಸ್ಕೂಲಿಗೆ ಸೇರಿದ ಮೇಲೆ ಜಡೆ ಹಾಕುತ್ತಿದ್ದವನೂ ನಾನೇ. ಜಡೆ ಬ್ರೆಡ್ಡು ಹೆಣೆಯುವ ಕೈಗೆ ಕೂದಲು ಏನು ಮಹಾ? ಮದುವೆಯಾಗಿ ಗೀತ ಮನೆಗೆ ಬಂದ ಮೇಲೂ ಪವಿ ಜಡೆಗೆ ನನ್ನ ಮುಂದೆಯೇ ಬಂದು ಕೂರುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ನಾನು "ಒಬ್ಬಳು ಇದಾಳೆ" ಅಂತಲೇ ಹೇಳುತ್ತಿದ್ದೆ.

ಆ ಒಬ್ಬಳು ಡಿಗ್ರಿ ಮುಗಿಸಿ, ಊರಿನ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತ, ವಾರಕ್ಕೆರಡು ದಿನ ರೈಲು ಹತ್ತಿ ಬೆಂಗಳೂರಿಗೆ ಜರ್ಮನ್ ಭಾಷೆ ಕಲಿಯಲು ಹೋಗುತ್ತಿದ್ದಳು. ಯಾಕೆ ಅಂತ ಕೇಳಿದರೆ "ಸುಮ್ನೆ ಅಣ್ಣ" ಅನ್ನುತ್ತಿದ್ದಳು. ಒಂದು ದಿನ ಆ ಸುಮ್ನೆ ಏನು ಅಂತ ಗೊತ್ತಾಯಿತು. ಅಲ್ಲಿ ಓ-ಪೇರ್ ಅಂತ ಒಂದು ಪದ್ಧತಿ ಇದೆಯಂತೆ. ಒಂದು ಕುಟುಂಬದ ಜೊತೆ ಮನೆಯವರಲ್ಲಿ ಒಬ್ಬಳಾಗಿ ಒಂದು ವರ್ಷ ಇರುವುದು, ಅವರ ಮಗು ನೋಡಿಕೊಳ್ಳುವುದು, ಚೂರುಪಾರು ಮನೆಗೆಲಸ. ಊಟ, ರೂಮು, ಕೈಖರ್ಚು ಅವರದು, ಭಾಷೆ ಕಲಿಯಲು ಕ್ಲಾಸಿಗೂ ಬಿಡುತ್ತಾರೆ.

"ಅಂದ್ರೆ ಆಯಾ" ಅಂದೆ.

"ಆಯಾ ಅಲ್ಲ ಅಣ್ಣ. ಅಕ್ಕನ ತರ."

"ಸಂಬಳ ಬೇರೆ ಎಸ್ರಲ್ಲಿ ಕೊಟ್ರೆ ಅಕ್ಕ ಆಗ್ಬುಡ್ತಾರಾ?"

ನನಗೆ ಉರಿದಿದ್ದಕ್ಕೆ ಕಾರಣ ಇತ್ತು. ನಮ್ಮಜ್ಜಿ, ಅಮ್ಮನ ತಾಯಿ, ಊರಿಗಾಂ ಕಡೆ ಗಣಿಯ ದೊಡ್ಡ ಆಫೀಸರ ಬಂಗಲೆಯಲ್ಲಿ ಆಯಾ ಆಗಿದ್ದವಳು. ಆ ಮನೆಯ ಮಗುವನ್ನು ಸೊಂಟದ ಮೇಲೆ ಹೊತ್ತೇ ಬೆಳೆಸಿದಳು. ಆಗ ಸಣ್ಣ ಹುಡುಗಿಯಾಗಿದ್ದ ನಮ್ಮಮ್ಮ ಬಂಗಲೆ ಗೇಟಿನ ಸರಳು ಹಿಡಿದು ನಿಂತು, ತನ್ನ ಅವ್ವನ ಸೊಂಟದ ಮೇಲೆ ಕೂತ ಇನ್ನೊಬ್ಬರ ಮಗುವನ್ನು ನೋಡುತ್ತಿದ್ದಳಂತೆ. ಆ ಮಗು ಹಾಲು ಬಿಟ್ಟು ಹಟ ಮಾಡಿದ ದಿನ ಅಜ್ಜಿ ಮನೆಗೆ ಬಂದವಳೇ ಮಾತಿಲ್ಲದೆ ಅಮ್ಮನ ಕಾಲಡಿಯ ಮಣ್ಣನ್ನು ಚಿಟಿಕೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಮಾರನೇ ದಿನ ಬಂಗಲೆಯ ಅಡಿಗೆಮನೆ ಹಿಂದೆ ಉಪ್ಪು, ಮೆಣಸಿನಕಾಯಿ ಜೊತೆ ಆ ಮಣ್ಣನ್ನೂ ಸೇರಿಸಿ ಆ ಮಗುವಿಗೆ ನಿವಾಳಿಸುತ್ತಿದ್ದಳಂತೆ. ಕಣ್ಣು ಯಾರದು ಅಂತ ಗೊತ್ತಿದ್ದರೆ ಅವರ ಕಾಲಡಿ ಮಣ್ಣು ಸೇರಬೇಕು, ಅದು ಕ್ರಮ. "ನಮ್ಮವ್ವಂಗೆ ಗೊತ್ತಿತ್ತು" ಅಂತ ಅಮ್ಮ ನಗುತ್ತಲೇ ಹೇಳುತ್ತಿದ್ದಳು. ಆ ನಗು ನೋಡಲು ಚೆನ್ನಾಗಿರುತ್ತಿರಲಿಲ್ಲ. ನನಗೆ ಬೇರೆ ಕಥೆ ಬಾರದ್ದರಿಂದ ಪವಿಗೂ ಇದೇ ಕಥೆ ಹೇಳಿ ಬೆಳೆಸಿದ್ದೆ.

ಗೀತ ಕಾಮಸಮುದ್ರದ ಕಡೆಯವಳು, ಅರ್ಧ ಮಾತು ತೆಲುಗು. ಅವಳೇ ನಡುವೆ ಬಂದಳು. "ಪೋನೀಲೆ, ಓಗ್ಲಿ ಬಿಡು. ಒಂದು ವರ್ಷ ತಾನೇ? ನೀನೇನು ಅವಳನ್ನ ಒಲೆ ಮುಂದೇನೇ ಮುದುಕಿ ಮಾಡ್ತೀಯಾ?"

ಒಂದು ವರ್ಷ ಅಂತ ಮಾತಾಯಿತು. ಅಮ್ಮನ ಫೋಟೋ ಮುಂದೆ ನಿಂತು ಪವಿ ಮಾತು ಕೊಟ್ಟಳು. ನನಗೂ ಒಂದು ಲೆಕ್ಕ ಇತ್ತು. ಬೇಕರಿ ಯಜಮಾನರಿಗೆ ವಯಸ್ಸಾಗಿ ನನಗೇ ವಹಿಸಿಬಿಡುವ ಮಾತಾಡುತ್ತಿದ್ದರು. ಒಳಗೆ ಒಲೆ ನನ್ನದು, ಹೊರಗೆ ಕೌಂಟರು ಪವಿದು. ಅವಳು ವಾಪಸ್ ಬರುವುದರ ಮೇಲೆ ನಾನು ಅಷ್ಟೂ ಕಟ್ಟಿಕೊಂಡಿದ್ದೆ.

ದೀಪಾವಳಿ ಮುಗಿದ ಮೇಲೆ ಹೋದಳು. ನಮ್ಮ ಕಡೆ ಬೆಳಿಗ್ಗೆ ಮಂಜು ಕವಿದು, ಮೈಸೂರು ಮೈನ್ಸಿನ ಕಡೆಯ ಗಣಿ ಮಣ್ಣಿನ ಬೂದು ದಿಬ್ಬ ಕಾಣದೆ ಮುಚ್ಚಿಹೋಗುವ ಕಾಲ. ಮಧ್ಯಾಹ್ನ ಊಟ ಆದ ಮೇಲೆ ಒಲೆ ತಣ್ಣಗಾಗುವ ಹೊತ್ತಿಗೆ ಅವಳ ಫೋನು. ಅಲ್ಲಿ ಆಗ ಬೆಳಗು. ಬೇಕರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಆ ಮನೆಯನ್ನು ಫೋನಿನೊಳಗಿಂದಲೇ ಪೂರ್ತಿ ಸುತ್ತಿ ನೋಡಿದೆ. ಮರದ ನೆಲ, ಕಿಟಕಿ ಹೊರಗೆ ಎಲೆ ಇಲ್ಲದ ಮರ, ಹಾಲಿನಲ್ಲಿ ಗಾಜಿನ ಬಾಗಿಲಿನ ಸೌದೆ ಒಲೆ. ಮನೆಯವಳು ಯೂಲಿಯಾ, ಗಂಡ ಸ್ಟೆಫಾನ್. ಮಗು ಎಮಿಲ್, ಎರಡು ತುಂಬಿದ ಗಂಡು. ಬೆಣ್ಣೆ ಬಣ್ಣದ ಕೂದಲು. ಮೊದಲ ದಿನವೇ ಆ ಹುಡುಗ ಪವಿಯ ಸೊಂಟದ ಮೇಲೆ ಕೂತಿದ್ದ. ಬೇರೆ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲು ಹೊಟ್ಟೆ ಉರಿದದ್ದು ಆ ಮಗುವಿನ ಅಪ್ಪನ ಮೇಲೆ. ಏನೋ ಆಫೀಸು ಕೆಲಸದ ಆ ಮನುಷ್ಯ ಭಾನುವಾರ ಮನೆಯಲ್ಲಿ ಬ್ರೆಡ್ಡು ಮಾಡುತ್ತಾನಂತೆ.

"ಅಣ್ಣಾ, ಈಸ್ಟ್ ಆಕೋದೇ ಇಲ್ಲ. ಉಳಿ ಇಟ್ಟು ಅಂತ ಒಂದು ಗಾಜಿನ ಜಾಡೀಲಿ ವರ್ಷಗಟ್ಲೆ ಸಾಕ್ತಾರೆ. ಅದಕ್ಕೊಂದು ಎಸ್ರು ಬೇರೆ ಇಟ್ಟವ್ರೆ. ಊರಿಗೆ ಓಗೋವಾಗ ಪಕ್ಕದ ಮನೇಲಿ ಬಿಟ್ಟು ಓಗ್ತಾರೆ!"

"ಇಟ್ಟಿಗೂ ಎಸ್ರಾ? ನಾಮಕರಣಕ್ಕೆ ಕರೆದಿದ್ರಾ ಏಳು."

"ನಗಬೇಡ. ಅಂಥ ಬ್ರೆಡ್ ನಾನು ಎಲ್ಲೂ ತಿಂದಿಲ್ಲ ಅಣ್ಣ."

ಎಲ್ಲೂ ತಿಂದಿಲ್ಲ. ನನ್ನ ಒಲೆ ಮುಂದೆ ಮೈದಾ ಚೀಲದ ಮೇಲೆ ಬೆಳೆದವಳು ಹೇಳುವ ಮಾತು ಇದು. ಅಷ್ಟಕ್ಕೆ ನಿಲ್ಲಿಸಿದಳಾ? ಅವನೂ ಜಡೆ ಬ್ರೆಡ್ಡು ಹೆಣೆಯುತ್ತಾನಂತೆ, ಅದೂ ನಾಲ್ಕೆಳೆದು. ನಾನು ಮೂರೆಳೆಯವನು. ಫೋನಿಟ್ಟು ಬಂದು ಆರೋಗ್ಯಂ ಮೇಸ್ತ್ರಿಯನ್ನು ಕೇಳಿದೆ. ಅವರು ಹಿಂದಿನ ಕಾಲದಲ್ಲಿ ಹೆಂಡ ಹಾಕಿ ಹಿಟ್ಟು ಉಬ್ಬಿಸುತ್ತಿದ್ದ ಕಥೆ ತೆಗೆದು, "ಉಳಿ ನಮ್ಗೇನ್ ಹೊಸದಾ?" ಅಂದರು. ಅಷ್ಟು ಸಾಕಾಯಿತು ನನಗೆ. ಗೋಧಿ ಹಿಟ್ಟು ಕಲೆಸಿ ಜಾಡಿಯಲ್ಲಿಟ್ಟು ದಿನಾ ಹೊಸ ಹಿಟ್ಟು ಉಣಿಸಿದೆ. ಉಬ್ಬಿತು. ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಟ್ರೇ ತುಂಬ ಸುಟ್ಟೆ. ಬಣ್ಣ ಬಂತು, ಮೇಲೆ ಗರಿಗರಿ ಬಂತು. ಮೇಸ್ತ್ರಿ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು.

"ಡೇ ಮುನಿರಾಜಾ, ಇದು ಬ್ರೆಡ್ಡಾ, ಪಳೆಯ ಸೋರಾ? ಈರುಳ್ಳಿ ತಾರಪ್ಪ, ತಂಗಳನ್ನದ ತರ ನಂಚ್ಕೊಂಡು ತಿಂತೀನಿ."

ಸೈಕಲ್ಲಿನವನು ಹೊತ್ತುಕೊಂಡು ಹೋಗಿದ್ದನ್ನು ಹಾಗೆಯೇ ವಾಪಸ್ ತಂದಿಟ್ಟ. ಬೀದಿ ಹಸುವಿಗೆ ಹಾಕಿದರೆ ಅದು ಮೂಸಿ ಮುಂದೆ ಹೋಯಿತು. ಆ ಜಾಡಿಯನ್ನು ತೊಳೆದು ಗೀತ ಉಪ್ಪಿನಕಾಯಿ ಹಾಕಿದಳು.

ಬ್ರೆಡ್ಡಿನದ್ದು ಹೋಗಲಿ. ಅದು ಕೆಲಸದ ಹೊಟ್ಟೆಕಿಚ್ಚು, ಇನ್ನೊಂದು ಟ್ರೇ ಸುಟ್ಟರೆ ಆರುತ್ತದೆ. ಆರದ್ದು ಬೇರೆ. ಒಂದು ಮಧ್ಯಾಹ್ನ ಫೋನು ತೆಗೆದರೆ ಪವಿ ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದಳು. ಮಗು ಅವಳ ಹೆಗಲ ಮೇಲೆ. ಅವಳು ತಟ್ಟುತ್ತ ಹಾಡುತ್ತಿದ್ದಳು. "ಬನ್ನೂ... ಬ್ರೆಡ್ಡೂ... ರಸ್ಕೂ ರಸ್ಕೂ..." ಎರಡನೇ ರಸ್ಕಿಗೆ ಆ ಹುಡುಗನ ಕಣ್ಣೂ ಮುಚ್ಚಿತು.

"ನೋಡ್ದಾ ಅಣ್ಣಾ, ನಿನ್ನ ಪಾಟು! ಇವರ ಭಾಷೇಲಿ ಏನ್ ಆಡಿದ್ರೂ ಮಲಗಲ್ಲ. ಇದಕ್ಕೆ ಮಾತ್ರ ಮಲಗ್ತಾನೆ. ಯೂಲಿಯಾನೂ ಕಲ್ತವ್ಳೆ."

ಅವಳು ನನಗೆ ಸಂತೋಷ ಆಗುತ್ತದೆ ಅಂತಲೇ ತೋರಿಸಿದ್ದು. ನಾನು "ಊಂ" ಅಂದೆ. ಆ ಹಾಡು ನಾನು ಕೊಟ್ಟಿದ್ದು ಅವಳಿಗೆ. ಅವಳು ಯಾರಿಗಾದರೂ ಕೊಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅವತ್ತು ಸಂಜೆ ಹಿಟ್ಟನ್ನು ಬಡಿದ ಬಡಿತಕ್ಕೆ ಮೇಸ್ತ್ರಿ, "ಇಟ್ಟು ನಿಂಗೇನ್ ಮಾಡ್ತಪ್ಪಾ?" ಅಂತ ಕೇಳಿದರು.

ಶಿವರಾತ್ರಿ ದಿನ ನಾನು ಉಪವಾಸ, ಅಲ್ಲಿ ಆ ಹುಡುಗ ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದ. ಪವಿ ಅವನ ಕೆನ್ನೆ ಒರೆಸಿ ನನಗೆ ತೋರಿಸಿದಳು. ನನ್ನ ಬಾಯಿಂದ ಬಂದುಬಿಟ್ಟಿತು: "ಅಬ್ಬಬ್ಬಾ, ಏನ್ ದುಂಡುಗವ್ನೆ ನೋಡು! ಕೆನ್ನೆ ನೋಡು, ಡಬಲ್ ಬನ್ನು!"

ಪವಿ ನಗು ನಿಲ್ಲಿಸಿದಳು. "ಥೂ ಥೂ ಅನ್ನು ಅಣ್ಣ."

ಮಗುವನ್ನು ಹೊಗಳಿದರೆ ಜೊತೆಗೆ ಥೂ ಥೂ ಅನ್ನಬೇಕು, ಇಲ್ಲದಿದ್ದರೆ ಕಣ್ಣಾಗುತ್ತದೆ. ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಓ, ಜರ್ಮನಿ ಮಕ್ಳಿಗೂ ದಿಷ್ಟಿ ತಾಕ್ತದಾ?"

"ಅನ್ನು ಅಣ್ಣ."

"ನಾನೇನ್ ಅಂದೆ ಅಂತ? ದುಂಡುಗವ್ನೆ ಅಂದೆ. ಇರೋದನ್ನ ಅನ್ನಬಾರ್ದಾ?"

ನಾನು ಅನ್ನಲಿಲ್ಲ. ಅವಳು ಫೋನನ್ನು ಮೆಲ್ಲಗೆ ಕಿಟಕಿ ಕಡೆ ತಿರುಗಿಸಿದಳು. ಅಲ್ಲಿ ಹಿಮ ಬೀಳುತ್ತಿತ್ತು. ಹಿಮದ ಬಗ್ಗೆ ಮಾತಾಡಿದೆವು.

ಅದಾದ ಮೇಲೆ ಎಮಿಲ್ ಫೋನಿನಲ್ಲಿ ಕಾಣಿಸಲಿಲ್ಲ. ಮೊದಲು ನಾನು ಗಮನಿಸಲಿಲ್ಲ. ಮಲಗಿದಾನೆ, ಆಟ ಆಡ್ತಿದಾನೆ, ಅವರಮ್ಮನ ಜೊತೆ ಹೋದ ಅಂತ ಒಂದೊಂದು ದಿನ ಒಂದೊಂದು ಹೇಳುತ್ತಿದ್ದಳು. ಆದರೆ ಹಿಂದಿನಿಂದ ಅವನ ದನಿ ಕೇಳುತ್ತಿತ್ತು. ಒಂದು ಸಲ ಒಂದು ಪುಟ್ಟ ಕೈ ಬಂದು ಅವಳ ಬಳೆ ಹಿಡಿಯಿತು, ಅವಳು ಫೋನನ್ನು ಎತ್ತರಕ್ಕೆ ಎತ್ತಿಬಿಟ್ಟಳು. ನನಗೆ ಚಾವಣಿ ಕಾಣಿಸಿತು.

"ಮಗೂನ ನನ್ನಿಂದ ಬಚ್ಚಿಡ್ತಾ ಅವ್ಳೆ" ಅಂತ ಗೀತಳಿಗೆ ಹೇಳಿದೆ.

ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಮುಖ ಎತ್ತಲಿಲ್ಲ. "ನಿನ್ ಮುಖ ನೀನು ನೋಡ್ಕೊಂಡಿದೀಯಾ, ಆ ಮಗು ಕಂಡಾಗ? ನಾನು ಪಕ್ಕದಲ್ಲಿ ಕೂತು ನೋಡಿದೀನಯ್ಯ. ಆ ವಯಸ್ಸಿನ್ ಮಗೂ ಮೇಲೆ ಈ ವಯಸ್ಸಿನ್ ಗಂಡಸು!"

"ನಂಗೇನ್ ಹೊಟ್ಟೆಕಿಚ್ಚಾ?"

"ನಂಗೇನ್ ಗೊತ್ತು? ಒಲೆ ಕೆಲ್ಸ ನಿಂದು. ಕಿಚ್ಚು ಎಲ್ಲಿದೆ ಅಂತ ನಿಂಗೇ ಗೊತ್ತಿರಬೇಕು."

ಮಾರ್ಚಿ ತಿಂಗಳ ಬಿಸಿಲು ಏರಿತು. ಬೂದು ದಿಬ್ಬದ ಧೂಳು ಗಾಳಿಗೆ ಎದ್ದು ಟ್ರೇಗಳ ಮೇಲೆ ಕೂರುವುದಕ್ಕೆ ಶುರುವಾಯಿತು. ಆಗಲೇ ಪವಿ ಆ ಮಾತು ತೆಗೆದಳು. ಅಲ್ಲಿ ನರ್ಸಿಂಗ್ ಟ್ರೈನಿಂಗ್ ಇದೆ, ಮೂರು ವರ್ಷ. ಕಲಿಯುತ್ತಲೇ ಸಂಬಳ. ಯೂಲಿಯಾ, ಸ್ಟೆಫಾನ್ ಇಬ್ಬರೂ ಓಡಾಡಿ ಸಹಾಯ ಮಾಡುತ್ತಾರೆ, ಮೇಲಿನ ರೂಮಿನಲ್ಲೇ ಇರು ಅಂತಿದ್ದಾರೆ.

"ಒಂದು ವರ್ಷ ಅಂತ ಮಾತು ಕೊಟ್ಟಿದ್ದೆ" ಅಂದೆ.

"ಕೊಟ್ಟಿದ್ದೆ. ಅದಕ್ಕೇ ಕೇಳ್ತಾ ಇದೀನಿ. ನೀನು ಬ್ಯಾಡ ಅಂದ್ರೆ ಬತ್ತೀನಿ."

"ಬ್ಯಾಡ."

"ಸರಿ ಅಣ್ಣ."

ಅಷ್ಟೇ. ಅತ್ತಿದ್ದರೆ, ಜಗಳ ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಸರಿ ಅಣ್ಣ ಅಂದುಬಿಟ್ಟಳು. ಆ ವಾರ ಯಜಮಾನರ ಹತ್ತಿರ ಹೋಗಿ, ತಂಗಿ ಬರ್ತಾಳೆ, ಕೌಂಟರಿಗೆ ಹೊಸ ಗಾಜು ಹಾಕಿಸೋಣ ಅಂದೆ. ಅವರು ಹೂಂ ಅಂದರು. ಗೆದ್ದವನು ನಾನು. ಆದರೂ ಯುಗಾದಿ ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಹಬ್ಬ ಆದ ಮೇಲೆ ಒಂದು ಮಧ್ಯಾಹ್ನ ಫೋನು ತೆಗೆದರೆ ಮೊದಲು ಕೇಳಿದ್ದು ಅಳು. ಸಣ್ಣಗೆ, ಬಿಟ್ಟು ಬಿಟ್ಟು. ಪವಿಯ ಕಣ್ಣು ಕೆಂಪಾಗಿದ್ದವು.

"ಅಣ್ಣಾ, ಎಮಿಲ್ ಏನೂ ತಿಂತಾ ಇಲ್ಲ. ಮೊದ್ಲು ಜ್ವರ ಇತ್ತು, ಡಾಕ್ಟ್ರು ನೋಡಿದ್ರು, ಔಷಧಿ ಕೊಟ್ರು, ಜ್ವರ ಓಯ್ತು. ಇನ್ನೇನೂ ಇಲ್ಲ, ಸರಿಯಾಗ್ತಾನೆ ಅಂದ್ರು. ಆದ್ರೆ ತಿನ್ನಲ್ಲ, ಮಲಗಲ್ಲ. ನಿನ್ನ ಪಾಟಿಗೂ ಮಲಗಲ್ಲ."

ಇದನ್ನು ಬರೆಯುವಾಗಲೂ ಸುಳ್ಳು ಬರೆಯಲಾರೆ. ನನ್ನ ಪಾಟಿಗೂ ಮಲಗಲ್ಲ ಅಂದಾಗ ನನ್ನ ಎದೆಯಲ್ಲಿ ಏನೋ ಒಂದು ಖುಷಿಯಿಂದ ಬಾಲ ಅಲ್ಲಾಡಿಸಿತು. ಮರುಗಳಿಗೆಗೆ ಆ ಅಳು ಮತ್ತೆ ಕೇಳಿತು, ಬಾಲ ಮುದುರಿತು.

"ದಿಷ್ಟಿ ತೆಗೀತೀನಿ ಅಣ್ಣ. ಯೂಲಿಯಾನ ಕೇಳ್ದೆ, ತೆಗಿ ಅಂದ್ಲು. ಅವಳ ಅಜ್ಜೀನೂ ಕಣ್ಣಾಗ್ಬಾರ್ದು ಅಂತ ಉಗುಳೋ ತರ ತೊಯ್ ತೊಯ್ ತೊಯ್ ಅಂತಿದ್ಲಂತೆ. ನೀನು ಫೋನ್ ಇಡಬೇಡ. ಇರು."

"ನಾನ್ಯಾಕೆ? ನಿಂಗೇ ಬತ್ತದಲ್ಲ."

"ಇರು ಅಂದ್ನಲ್ಲ."

ಯೂಲಿಯಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಒಲೆ ಮುಂದೆ ಕೂತಳು. ಅಲ್ಲಿ ಇನ್ನೂ ಚಳಿ, ಗಾಜಿನ ಹಿಂದೆ ಸೌದೆ ಉರಿಯುತ್ತಿತ್ತು. ಪವಿ ಒಂದು ತಟ್ಟೆ ತಂದಳು, ಅದರಲ್ಲಿ ಕಲ್ಲುಪ್ಪು, ಇಲ್ಲಿಂದ ಗೀತ ಕಟ್ಟಿಕೊಟ್ಟಿದ್ದ ಒಣ ಮೆಣಸಿನಕಾಯಿ. ಆಮೇಲೆ ನನಗೆ ಚಾವಣಿ ಕಂಡಿತು. ತಟ್ಟೆಯಲ್ಲಿ ಉಪ್ಪು ಮೆಣಸಿನಕಾಯಿ ಪಕ್ಕ ನನ್ನನ್ನೂ ಇಟ್ಟಿದ್ದಳು, ಫೋನನ್ನು ಅಂಗಾತ ಮಲಗಿಸಿ. ತಟ್ಟೆ ಮೇಲೆದ್ದಿತು. ಮರದ ತೊಲೆ, ಕಿಟಕಿ, ಮಗುವಿನ ಗಲ್ಲ, ಯೂಲಿಯಾಳ ಹೆಗಲು, ಮತ್ತೆ ಮರದ ತೊಲೆ, ಮತ್ತೆ ಕಿಟಕಿ. ಆ ಮನೆ ಪೂರ್ತಿ ನನ್ನ ಸುತ್ತ ತಿರುಗುತ್ತಿತ್ತು. ಬೇಕರಿ ಮೆಟ್ಟಿಲ ಮೇಲೆ ಕೂತಿದ್ದ ನನಗೆ ತಲೆ ಸುತ್ತಿ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೆ. ಪವಿಯ ದನಿ ಮೇಲಿನಿಂದ ಬರುತ್ತಿತ್ತು.

"ಊರ ಕಣ್ಣು, ಕೇರಿ ಕಣ್ಣು, ಓಗೋರ ಕಣ್ಣು, ಬರೋರ ಕಣ್ಣು, ಇಟ್ಟೋರ ಕಣ್ಣು, ಬಿಟ್ಟೋರ ಕಣ್ಣು..." ಒಂದು ಗಳಿಗೆ ನಿಂತಳು. "ದೂರದಲ್ಲಿ ಕೂತೋರ ಕಣ್ಣು. ಎಲ್ಲಾ ಸುಟ್ಟು ಓಗ್ಲಿ."

"ಪವಿ, ಫೋನ್ ಯಾಕಮ್ಮ ಸುತ್ತಿಸ್ತಾ ಇದೀಯ?"

ತಟ್ಟೆ ನಿಂತಿತು. ಅವಳ ಮುಖ ಮೇಲಿನಿಂದ ಬಾಗಿತು. ಸಿಟ್ಟಿರಲಿಲ್ಲ ಆ ಮುಖದಲ್ಲಿ.

"ಕಾಲಡಿ ಮಣ್ಣು ಎಲ್ಲಿಂದ ತರ್ಲಿ ಅಣ್ಣ? ಅದಕ್ಕೇ ನಿನ್ನೇ ಸುತ್ತಿಸ್ದೆ."

ಗೋಡೆ ಹಿಡಿದಿದ್ದ ಕೈ ಬಿಟ್ಟು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಉಗಿ ಅಣ್ಣ. ಮೂರು ಸಲ."

ಉಗಿದೆ. ಬಾಯಿಮಾತಿಗಲ್ಲ, ನಿಜವಾಗಿ. ಫೋನಿನ ಗಾಜಿನ ಮೇಲೆ ಹನಿ ಬಿತ್ತು. ಥೂ. ಥೂ. ಥೂ. ಒಳಗಿನಿಂದ ಆರೋಗ್ಯಂ ಮೇಸ್ತ್ರಿ ಕೂಗಿದರು: "ಅಯ್ಯೋ ಕಡವುಳೆ, ಫೋನ್ ಮ್ಯಾಲೆ ಯಾಕಪ್ಪಾ ಉಗೀತೀಯ? ಕೆಟ್ಟೋಗಿದ್ರೆ ರಿಪೇರಿ ಅಂಗಡಿಗೆ ತಗೊಂಡೋಗು!"

ಪವಿ ಒಲೆಯ ಗಾಜಿನ ಬಾಗಿಲು ತೆರೆದು ಉಪ್ಪು, ಮೆಣಸಿನಕಾಯಿ ಸುರಿದು ಮುಚ್ಚಿದಳು. ಉಪ್ಪು ಚಟಪಟ ಅಂದಿದ್ದು ನನಗೂ ಕೇಳಿತು.

"ಘಾಟು ಬಂತಾ?" ಅಂದೆ.

ಅವಳು ಮೂಗೆಳೆದು ನೋಡಿದಳು. "ಇಲ್ಲ ಅಣ್ಣ. ಒಂದ್ ಚೂರೂ ಇಲ್ಲ."

ಮನೆಗೆ ಬಂದು ಗೀತಳಿಗೆ ಹೇಳಿದೆ. ಅವಳು ಹೊ ಅಂತ ನಕ್ಕಳು. "ಬಾಗ್ಲು ಆಕಿದ್ ಒಲೇಲಿ, ಮ್ಯಾಲೆ ಚಿಮಣಿ ಎಳೀತಾ ಇರೋವಾಗ, ಘಾಟು ಎಲ್ಲಿಂದ ಬತ್ತದಯ್ಯ? ನಿನ್ನಂಥ ಒಲೆಯವನಿಗೆ ನಾನ್ ಏಳಬೇಕಾ?" ಅವಳು ಹೇಳಿದ್ದು ಸರಿ. ನನಗೂ ಗೊತ್ತಿತ್ತು. ಜ್ವರ ಬಿಟ್ಟ ಮಗು ಒಂದೆರಡು ದಿನ ಹಟ ಮಾಡಿ ಆಮೇಲೆ ತಾನೇ ತಿನ್ನುತ್ತದೆ, ಅದೂ ಗೊತ್ತಿತ್ತು. ಮಾರನೇ ದಿನ ಎಮಿಲ್ ಬ್ರೆಡ್ಡು ಕೇಳಿದನಂತೆ, ತಿಂದು ಮಲಗಿದನಂತೆ.

ಆದರೆ ನನ್ನ ತಲೆ ಮಾತ್ರ ಆ ತಟ್ಟೆಯಲ್ಲೇ ಸುತ್ತುತ್ತಿತ್ತು. ನಮ್ಮಮ್ಮನ ನೆನಪು ಬಂತು. ಬಂಗಲೆಯವರು ಊರು ಬಿಟ್ಟು ಹೋದರು, ಆ ಮಗು ದೊಡ್ಡದಾಗಿ ಎಲ್ಲಿ ಹೋಯಿತೋ, ಅಜ್ಜಿಯೂ ಸತ್ತಳು. ನಮ್ಮಮ್ಮ ಮಾತ್ರ ಆ ಗೇಟು ಬಿಡಲಿಲ್ಲ. ಸಾಯುವವರೆಗೂ ಸರಳು ಹಿಡಿದುಕೊಂಡೇ ಇದ್ದಳು. ಪವಿ ವಾಪಸ್ ಬಂದು ನನ್ನ ಕೌಂಟರಿನಲ್ಲಿ ಕೂತರೆ ಏನಾಗುತ್ತದೆ ಅಂತ ನೋಡಿಕೊಂಡೆ. ಬನ್ನಿಗೆ ಬರುವ ಪ್ರತಿ ಮಗುವಿನ ಕೆನ್ನೆಯನ್ನೂ ಅವಳು ನೋಡುತ್ತಾಳೆ, ಅವಳು ಯಾರನ್ನು ನೆನೆಯುತ್ತಿದ್ದಾಳೆ ಅಂತ ನಾನು ಒಲೆ ಸಂದಿಯಿಂದ ನೋಡುತ್ತೇನೆ. ನಾನು ದುಡಿಯುವವನು. ಬೆಳಗಿನ ಜಾವದಿಂದ ಹಿಟ್ಟಿನಲ್ಲಿ ಕೈ ಇಟ್ಟವನಿಗೆ ಗೇಟು ಹಿಡಿದು ನಿಲ್ಲಲು ಎಲ್ಲಿದೆ ಪುರಸೊತ್ತು?

ಆ ಭಾನುವಾರ ಫೋನು ಬಂದಾಗ ನಾನೇ ತೆಗೆದೆ ಮಾತನ್ನು. "ಆ ಟ್ರೈನಿಂಗ್‌ಗೆ ಸೇರ್ಕೊ."

ಅವಳು ಫೋನನ್ನು ಮುಖದ ಹತ್ತಿರಕ್ಕೆ ತಂದಳು.

"ಕೌಂಟರು?" ಅಂದಳು.

"ಕೌಂಟರಿಗೆ ನಿಮ್ಮತ್ತಿಗೆ ಕೂತ್ಕೋತಾಳೆ. ಬಾಯಿ ಜೋರು, ವ್ಯಾಪಾರ ಚೆನ್ನಾಗಾಗ್ತದೆ."

ಒಳಗಿಂದ ಗೀತ ಏನೋ ತೆಲುಗಿನಲ್ಲಿ ಬೈದಳು. ಪವಿ ನಗುತ್ತ ಅಳುತ್ತಿದ್ದಳು.

"ಒಂದು ಮಾತು" ಅಂದೆ. "ಆ ಪಾಟು ನಂದು ಅಂತ ಆ ಉಡ್ಗುಂಗೆ ಏಳಬೇಕು. ಅವರಪ್ಪಂಗೂ ಏಳು. ಬರೇ ಉಳಿ ಬ್ರೆಡ್ಡು ಮಾಡಿದ್ರೆ ಆಗಲ್ಲ."

"ನೀನೇ ಏಳು" ಅಂದಳು. ಫೋನು ಅಲ್ಲಾಡಿತು, ಮರದ ನೆಲ ಓಡಿತು, ನಿಂತಿತು. ಅಷ್ಟು ದಿನ ಬಚ್ಚಿಟ್ಟಿದ್ದ ಮುಖವನ್ನು ತಂದು ನನ್ನ ಮುಖದ ಎದುರಿಗೇ ಇಟ್ಟಳು. ಸ್ವಲ್ಪ ಇಳಿದಿದ್ದ. ಕಣ್ಣು ಮಾತ್ರ ಅಗಲ. ನಾನು ನೋಡಿದೆ. ಅವಳು ಫೋನು ಎತ್ತಲಿಲ್ಲ, ತಿರುಗಿಸಲಿಲ್ಲ.

"ಎಮಿಲ್, ಇದು ಬನ್ನು ಮಾಮ."

ಅವನು ಫೋನಿನಲ್ಲಿದ್ದ ನನ್ನ ಮೂಗಿನ ಮೇಲೆ ಬೆರಳಿಟ್ಟು ರಾಗ ಎಳೆದು ಕೂಗಿದ: "ಬನ್ನೂ..."

ಸೈಕಲ್ಲಿನವರು ಕೂಗುವ ಹಾಗೆಯೇ. "ಥೂ ಥೂ ಥೂ" ಅಂದೆ, ಯಾರೂ ಹೇಳುವ ಮೊದಲೇ.

ಪವಿಗೆ ಈಗ ಟ್ರೈನಿಂಗಿನ ಕೊನೆಯ ವರ್ಷ. ಹೋದ ಬೇಸಿಗೆಯಲ್ಲಿ ಬಂದು ಹೋದಳು, ನನ್ನ ಮುಂದೆ ಕೂತು ಜಡೆ ಹಾಕಿಸಿಕೊಂಡಳು. ನಾಲ್ಕೆಳೆ ಹಾಕಿದೆ, ಕಲಿತಿದ್ದೇನೆ. ಆದರೆ ಇಲ್ಲಿದ್ದಾಗಲೂ ದಿನಾ ಎಮಿಲ್‌ಗೆ ಫೋನು ಮಾಡುತ್ತಿದ್ದಳು. ಅಲ್ಲಿಂದ ನನಗೆ ಮಾಡುವುದು ಭಾನುವಾರ ಮಾತ್ರ. ಮೂರೆಳೆಯೋ ನಾಲ್ಕೆಳೆಯೋ ಹೆಣೆದುಬಿಡಬಹುದು, ಆ ಲೆಕ್ಕ ಮಾತ್ರ ನನಗೆ ಇವತ್ತಿಗೂ ಸರಿ ಬರುವುದಿಲ್ಲ.

ಅದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೇನೆ. ಭಾನುವಾರ ಮಾತು ಮುಗಿದ ಮೇಲೆ ಒಂದು ಹಿಡಿ ಉಪ್ಪು, ಎರಡು ಮೆಣಸಿನಕಾಯಿ ತೆಗೆದು, ಫೋನಿಗೆ ಮೂರು ಸುತ್ತು ನಿವಾಳಿಸಿ, ಬೇಕರಿ ಒಲೆಯ ಬಾಯಿಗೆ ಎಸೆಯುತ್ತೇನೆ. ನಮ್ಮದು ತೆರೆದ ಬಾಯಿಯ ಒಲೆ, ಚಿಮಣಿ ನೆಪ ಹೇಳುವಂತಿಲ್ಲ. ಘಾಟು ಎದ್ದು ಆರೋಗ್ಯಂ ಮೇಸ್ತ್ರಿ ಕೆಮ್ಮಿ ಕೆಮ್ಮಿ ನನ್ನ ವಂಶವನ್ನೆಲ್ಲ ಬೈಯುತ್ತಾರೆ. ನಾನೂ ಕೆಮ್ಮುತ್ತೇನೆ, ಸಮಾಧಾನವಾಗುತ್ತದೆ.

ಕೆಲವು ಭಾನುವಾರ ಘಾಟು ಬರುವುದಿಲ್ಲ. ಆ ದಿನ ಇನ್ನೆರಡು ಹಾಕುತ್ತೇನೆ.